ಹೊಗೆಯಿಲ್ಲದ ಒಲೆ

ಒಲೆಯಿಲ್ಲದ ಮನೆಯಿಲ್ಲ, ಹೊಗೆಯಿಲ್ಲದ ಒಲೆಯಿಲ್ಲ ಎಂಬುದು ಬಹುಕಾಲದವರೆಗೆ ಮಾನವನ ಅನುಭವವಾಗಿತ್ತು. ಅವನು ಕಾಡಿನ ಸೌದೆಯನ್ನು ಸುಟ್ಟನು. ಸಗಣಿಯನ್ನು ಬೆರಣಿ ತಟ್ಟಿ ಸುಟ್ಟನು. ನೆಲವನ್ನಗೆದು ಕಲ್ಲಿದ್ದಲನ್ನು ತೆಗೆದು ಸುಟ್ಟನು. ಕೊನೆಗೆ ಎಣ್ಣೆಗಾಗಿ ಸಮುದ್ರದ ತಳವನ್ನೂ ಕೊರೆದನು. ಸುಟ್ಟದ್ದೆಲ್ಲ ಬೂದಿಯಾಯಿತು, ಹೊಗೆ ಬಾನಿಗೇರಿತು. ಆದರೆ ಯಾರೂ ಹೊತ್ತಿಸದ, ಸೌದೆಯನ್ನು ಬೇಡದ ಒಲೆಯೊಂದು ಎಲ್ಲರ ಕಾಲಡಿಯಲ್ಲಿಯೇ ಇದೆ. ಅದು ಭೂಮಿಯ ಒಡಲಿನ ಶಾಖ.

ಈ ಶಾಖದಲ್ಲಿ ಒಂದು ಭಾಗ ಭೂಮಿಯು ರೂಪುಗೊಂಡ ಕಾಲದಿಂದ ಉಳಿದುಬಂದುದು. ಇನ್ನೊಂದು ಭಾಗ ಶಿಲೆಗಳಲ್ಲಿರುವ ಯುರೇನಿಯಂ, ಥೋರಿಯಂ ಮೊದಲಾದ ವಿಕಿರಣಶೀಲ ಧಾತುಗಳು ನಿಧಾನವಾಗಿ ಕ್ಷಯಿಸುವುದರಿಂದ ಹುಟ್ಟುವುದು. ಸಾಮಾನ್ಯವಾಗಿ ನೆಲದೊಳಕ್ಕೆ ಒಂದು ಕಿಲೋಮೀಟರ್ ಇಳಿದರೆ ಉಷ್ಣತೆಯು ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುತ್ತದೆ. ಭೂಕವಚವು ಬಿರಿದಿರುವ ಕೆಲವು ಕಡೆಗಳಲ್ಲಿ ಮಾತ್ರ ಈ ಶಾಖವು ತಾನಾಗಿಯೇ ಮೇಲಕ್ಕೆ ಬಂದು ಕೈಗೆಟುಕುತ್ತದೆ. ಅಂಥ ನಾಡುಗಳಲ್ಲಿ ಐಸ್‌ಲೆಂಡ್ ಒಂದು. ಅಟ್ಲಾಂಟಿಕ್ ಸಾಗರದ ನಡುವೆ ಎರಡು ಭೂಫಲಕಗಳು ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರ್‌ನಂತೆ ಒಂದರಿಂದೊಂದು ದೂರ ಸರಿಯುವ ಬಿರುಕಿನ ಮೇಲೆ ಆ ದ್ವೀಪವು ಕುಳಿತಿದೆ. ಮೇಲೆ ಹಿಮ, ಕೆಳಗೆ ಬೆಂಕಿ.

ಆ ನಾಡಿನ ರಾಜಧಾನಿಯ ಹೆಸರು ರೇಕ್ಯಾವಿಕ್. ಹಾಗೆಂದರೆ ಹೊಗೆಯ ಕೊಲ್ಲಿ ಎಂದು ಅರ್ಥ. ಒಂಬತ್ತನೆಯ ಶತಮಾನದಲ್ಲಿ ಇಂಗೋಲ್ಫರ್ ಆರ್ನರ್ಸನ್ ಎಂಬ ನಾವಿಕನು ಮೊದಲು ಅಲ್ಲಿ ನೆಲೆಯೂರಿದಾಗ ನೆಲದಿಂದೇಳುತ್ತಿದ್ದ ಬೆಳ್ಳನೆಯ ಮೋಡಗಳನ್ನು ಕಂಡು ಈ ಹೆಸರನ್ನಿಟ್ಟನೆಂದು ಪ್ರತೀತಿ. ಅವನು ಕಂಡದ್ದು ಹೊಗೆಯಲ್ಲ, ಬಿಸಿನೀರಿನ ಬುಗ್ಗೆಗಳ ಉಗಿ. ವಿಚಿತ್ರವೆಂದರೆ, ಸಾವಿರ ವರ್ಷಗಳ ತರುವಾಯ ಆ ಹೆಸರು ನಿಜವಾಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಚಳಿಗಾಲದ ರೇಕ್ಯಾವಿಕ್ ನಗರದ ಮೇಲೆ ಕಲ್ಲಿದ್ದಲಿನ ಕರಿ ಹೊಗೆಯು ಕವಿದು ನಿಲ್ಲುತ್ತಿತ್ತು. ಆ ಕಲ್ಲಿದ್ದಲು ಹಡಗುಗಳಲ್ಲಿ ಹೊರನಾಡಿನಿಂದ ಬರಬೇಕಾಗಿತ್ತು. ಕೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರೆಂಬ ಗಾದೆಯು ಅಂದಿನ ಐಸ್‌ಲೆಂಡಿಗರಿಗೆ ಚೆನ್ನಾಗಿ ಒಪ್ಪುತ್ತಿತ್ತು.

ಹಾಗೆಂದು ಅವರು ಬುಗ್ಗೆಗಳನ್ನು ಅರಿಯದವರಲ್ಲ. ಹದಿಮೂರನೆಯ ಶತಮಾನದ ವಿದ್ವಾಂಸನಾದ ಸ್ನೋರಿ ಸ್ಟುರ್ಲುಸನ್ ತನ್ನ ಮನೆಯ ಬಳಿ ಬಿಸಿನೀರಿನ ಕೊಳವನ್ನು ಹೊಂದಿದ್ದನು. ಆ ಕೊಳ ಇಂದಿಗೂ ಇದೆ. ರೇಕ್ಯಾವಿಕ್‌ನ ಹೆಂಗಸರು ಬಟ್ಟೆಯ ಮೂಟೆಗಳನ್ನು ಹೊತ್ತು, ಮೂರು ಕಿಲೋಮೀಟರ್ ದೂರದ ಬುಗ್ಗೆಗಳಿಗೆ ನಡೆದುಹೋಗಿ ಒಗೆದು ತರುತ್ತಿದ್ದರು. ಹಿಮಗಾಳಿಯಲ್ಲಿ ಹೋಗುವ ದಾರಿಯೂ ಕಷ್ಟ, ಒದ್ದೆಬಟ್ಟೆಯ ಭಾರ ಹೊತ್ತು ಮರಳುವ ದಾರಿಯು ಇನ್ನೂ ಕಷ್ಟ. ಕುದಿಯುವ ನೀರಿಗೆ ಕಾಲು ಜಾರಿ ಬಿದ್ದು ಪ್ರಾಣ ಕಳೆದುಕೊಂಡವರೂ ಉಂಟು. ನೀರಿದ್ದೆಡೆಗೆ ಜನರು ಹೋಗುವ ಬದಲು, ಜನರಿದ್ದೆಡೆಗೆ ನೀರನ್ನೇ ತಂದರೆ ಹೇಗೆ? ಸರಳವಾದ ಈ ಪ್ರಶ್ನೆಗೆ ಉತ್ತರ ದೊರೆಯಲು ನೂರಾರು ವರ್ಷಗಳೇ ಬೇಕಾದವು.

1930ರಲ್ಲಿ ಆ ಬುಗ್ಗೆಗಳ ಸಮೀಪದಲ್ಲಿ ಕೊರೆದ ಬಾವಿಗಳಿಂದ ಮೂರು ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಬಿಸಿನೀರು ನಗರಕ್ಕೆ ಬಂದಿತು. ಅದನ್ನು ಮೊದಲಿಗೆ ಪಡೆದ ಕಟ್ಟಡಗಳಲ್ಲಿ ಒಂದು ಮಕ್ಕಳ ಶಾಲೆ. ಅಗಸಗಿತ್ತಿಯರು ತುಳಿದ ದಾರಿಯ ದೂರವನ್ನೇ ಈಗ ನೀರು ತಾನಾಗಿ ಕ್ರಮಿಸಿತು. ಎರಡನೆಯ ಮಹಾಯುದ್ಧದ ನಡುವೆಯೂ, 1943ರಲ್ಲಿ, ಇನ್ನೂ ದೂರದ ಬುಗ್ಗೆಗಳಿಂದ ನೀರು ಹರಿಯತೊಡಗಿತು. 1973ರಲ್ಲಿ ಜಗತ್ತಿನಾದ್ಯಂತ ಎಣ್ಣೆಯ ಬೆಲೆಯು ಥಟ್ಟನೆ ಏರಿದಾಗ ಉಳಿದ ಊರುಗಳೂ ಎಚ್ಚೆತ್ತವು. ಇಂದು ಆ ದೇಶದ ಹತ್ತು ಮನೆಗಳಲ್ಲಿ ಸುಮಾರು ಒಂಬತ್ತು ಮನೆಗಳು ಭೂಮಿಯ ಶಾಖದಿಂದಲೇ ಬೆಚ್ಚಗಿವೆ. ರೇಕ್ಯಾವಿಕ್ ಹೊಗೆಯನ್ನು ಕಳೆದುಕೊಂಡು ಹೆಸರನ್ನು ಮಾತ್ರ ಉಳಿಸಿಕೊಂಡಿದೆ.

ಇದು ಪ್ರಕೃತಿಯ ಕೊಡುಗೆಯಿಂದಷ್ಟೇ ಆದುದಲ್ಲ. ಬಾವಿ ಕೊರೆಯುವುದು ಅಪಾರ ವೆಚ್ಚದ ಕೆಲಸ. ಸಾವಿರಾರು ಅಡಿ ಕೊರೆದ ಮೇಲೆಯೂ ಬಿಸಿನೀರು ಸಿಗದೆ ಹೋಗಬಹುದು. ಸಣ್ಣ ಊರೊಂದು ಅಂಥ ನಷ್ಟವನ್ನು ತಾಳಲಾರದು. ಆದುದರಿಂದ 1967ರಲ್ಲಿ ಸರಕಾರವು ಒಂದು ಶಕ್ತಿನಿಧಿಯನ್ನು ಸ್ಥಾಪಿಸಿತು. ಕೊರೆಯುವುದಕ್ಕೆ ಈ ನಿಧಿಯಿಂದ ಸಾಲ ದೊರೆಯುತ್ತಿತ್ತು. ಬಾವಿ ಬರಿದಾಗಿ ಹೋದರೆ ಸಾಲವನ್ನು ಅನುದಾನವೆಂದೇ ಭಾವಿಸಲಾಗುತ್ತಿತ್ತು. ಒಂದು ಊರಿನ ಸೋಲನ್ನು ಇಡೀ ನಾಡು ಹಂಚಿಕೊಂಡಿದ್ದರಿಂದಲೇ ಹಲವು ಊರುಗಳು ಗೆಲ್ಲಲು ಸಾಧ್ಯವಾಯಿತು.

ಹೆಚ್ಚು ಕಾದ ನೆಲದಲ್ಲಿ ಕೊರೆದರೆ ನೀರಿನೊಡನೆ ರಭಸದ ಉಗಿಯೂ ಚಿಮ್ಮುತ್ತದೆ. ಆ ಉಗಿಯು ಟರ್ಬೈನಿನ ಚಕ್ರವನ್ನು ತಿರುಗಿಸಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಮಿಕ್ಕ ಶಾಖದಿಂದ ತಣ್ಣೀರನ್ನು ಕಾಯಿಸಿ ಊರಿಗೆ ಕಳುಹಿಸುತ್ತಾರೆ. 1990ರಲ್ಲಿ ಆರಂಭವಾದ ನೆಸ್ಯಾವೆಟ್ಲಿರ್ ಎಂಬ ಸ್ಥಾವರದಿಂದ ರೇಕ್ಯಾವಿಕ್‌ಗೆ 27 ಕಿಲೋಮೀಟರ್ ದೂರ. ಕೊಳವೆಗೆ ಹೊದಿಸಿದ ಕವಚವು ಎಷ್ಟು ಚೆನ್ನಾಗಿದೆಯೆಂದರೆ, ಅಷ್ಟು ದೂರ ಹರಿದ ನೀರು ಒಂದೆರಡು ಡಿಗ್ರಿಗಿಂತ ಹೆಚ್ಚು ತಣಿಯುವುದಿಲ್ಲ. ಆದರೂ ಶಾಖವನ್ನು ಕಲ್ಲಿದ್ದಲಿನಂತೆ ಹಡಗಿಗೆ ತುಂಬಿ ಕಡಲಾಚೆ ಮಾರಲಾಗದು. ಹುಟ್ಟಿದ ನೆಲದ ಸುತ್ತಮುತ್ತಲೇ ಅದು ಬಳಕೆಯಾಗಬೇಕು. ಆದುದರಿಂದಲೇ ಅದು ಆಯಾ ಸೀಮೆಯ ಜನರ ಸ್ವತ್ತು.

ಈ ಸ್ವತ್ತು ಬತ್ತುವುದಿಲ್ಲವೇ? ಭೂಮಿಯ ಶಾಖ ಅಪಾರವಾದುದು. ಆದರೆ ಆ ಶಾಖವನ್ನು ಹೊತ್ತು ತರುವ ನೀರು ಅಪಾರವಲ್ಲ. ರೇಕ್ಯಾವಿಕ್ ಬೆಳೆದಂತೆ ಹಳೆಯ ಬಾವಿಗಳಿಂದ ಎತ್ತುವ ನೀರು ಹೆಚ್ಚಿತು, ಬಾವಿಗಳ ಮಟ್ಟವು ಇಳಿಯುತ್ತ ಹೋಯಿತು. ಕರುವಿಗೆ ಬಿಡದೆ ಕೆಚ್ಚಲನ್ನು ಹಿಂಡುವವನಿಗೆ ನಾಳೆಯ ಹಾಲಿಲ್ಲ. 1990ರ ಬಳಿಕ ಹೊಸ ಸ್ಥಾವರದ ನೀರು ಬಂದುದರಿಂದ ಹಳೆಯ ಬಾವಿಗಳಿಗೆ ವಿಶ್ರಾಂತಿ ದೊರೆಯಿತು. ಇಳಿದ ಮಟ್ಟವು ಮತ್ತೆ ಏರಿತು. ಈಗ ಹಲವು ಸ್ಥಾವರಗಳಲ್ಲಿ ಬಳಸಿದ ನೀರನ್ನು ಮತ್ತೆ ನೆಲದಾಳಕ್ಕೆ ಇಳಿಸುತ್ತಾರೆ. ಉಗಿಯೊಡನೆ ಹೊರಬೀಳುವ ಇಂಗಾಲದ ಡೈಆಕ್ಸೈಡನ್ನು ನೀರಿನಲ್ಲಿ ಕರಗಿಸಿ ಕರಿಗಲ್ಲಿನ ಪದರಗಳಿಗೆ ಇಳಿಸಿದರೆ, ಅದು ಎರಡೇ ವರ್ಷಗಳಲ್ಲಿ ಬಹುಮಟ್ಟಿಗೆ ಕಲ್ಲಾಗಿಬಿಡುವುದನ್ನೂ ಅಲ್ಲಿನ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ.

ಒಲೆಯು ಅನ್ನವನ್ನು ಬೇಯಿಸುವುದಷ್ಟೇ ಅಲ್ಲ, ಮನೆಯನ್ನೂ ಸುಡಬಲ್ಲದು. 1973ರ ಜನವರಿ 23ರ ನಡುರಾತ್ರಿ ಹೇಮೇ ಎಂಬ ಪುಟ್ಟ ದ್ವೀಪದಲ್ಲಿ ನೆಲವು ಸೀಳಿ ಬೆಂಕಿಯ ಗೋಡೆಯೇ ಎದ್ದು ನಿಂತಿತು. ಐದು ಸಾವಿರಕ್ಕೂ ಹೆಚ್ಚಿನ ನಿವಾಸಿಗಳು ಮೀನುಗಾರಿಕೆಯ ದೋಣಿಗಳನ್ನೇರಿ ಪಾರಾದರು. ನೂರಾರು ಮನೆಗಳು ಶಿಲಾರಸ ಮತ್ತು ಬೂದಿಯ ಕೆಳಗೆ ಹೂತುಹೋದವು. ಬಂದರನ್ನು ಮುಚ್ಚಲು ಬರುತ್ತಿದ್ದ ಶಿಲಾರಸದ ಮೇಲೆ ತಿಂಗಳುಗಟ್ಟಲೆ ಕಡಲ ನೀರನ್ನು ಸುರಿದು ಜನರು ಬಂದರನ್ನು ಉಳಿಸಿಕೊಂಡರು. ಬಳಿಕ ಮರಳಿ ಬಂದವರು, ಒಳಗೆ ಇನ್ನೂ ಕಾದಿದ್ದ ಆ ಶಿಲಾರಾಶಿಯಲ್ಲಿಯೇ ಕೊಳವೆಗಳನ್ನಿಟ್ಟು ತಮ್ಮ ಮನೆಗಳನ್ನು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಬೆಚ್ಚಗೆ ಇರಿಸಿಕೊಂಡರು. ಊರನ್ನು ಸುಟ್ಟ ಬೆಂಕಿಯೇ ಊರಿಗೆ ಒಲೆಯಾಯಿತು.

ಆದರೆ ಬೆಂಕಿಯು ಎಂದೂ ಪೂರ್ಣವಾಗಿ ಪಳಗುವುದಿಲ್ಲ. 2024ರ ಫೆಬ್ರವರಿ 8ರಂದು ಸ್ವಾರ್ಟ್ಸೆಂಗಿ ಎಂಬ ಸ್ಥಾವರದ ಬಳಿ ಹರಿದ ಶಿಲಾರಸವು ಬಿಸಿನೀರಿನ ದೊಡ್ಡ ಕೊಳವೆಯನ್ನು ಕತ್ತರಿಸಿತು. ಕೊರೆಯುವ ಚಳಿಯಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ಜನರ ಮನೆಗಳು ತಣ್ಣಗಾದವು. ವಿದ್ಯುತ್ ಒಲೆಗಳನ್ನು ಎಲ್ಲರೂ ಒಮ್ಮೆಗೇ ಹೊತ್ತಿಸಿದರೆ ತಂತಿಗಳು ಆ ಭಾರವನ್ನು ತಾಳಲಾರವೆಂದು, ಮಿತವಾಗಿ ಬಳಸುವಂತೆ ಜನರನ್ನು ಕೇಳಿಕೊಳ್ಳಲಾಯಿತು. ಕೆಲಸಗಾರರು ಹಗಲಿರುಳು ದುಡಿದು ಕೆಲವೇ ದಿನಗಳಲ್ಲಿ ನೀರನ್ನು ಮರಳಿ ಹರಿಸಿದರು.

ಐಸ್‌ಲೆಂಡಿಗರು ತಮ್ಮ ವಿದ್ಯೆಯನ್ನು ಬಚ್ಚಿಟ್ಟುಕೊಳ್ಳಲಿಲ್ಲ. 1979ರಿಂದ ಅನೇಕ ದೇಶಗಳ ತಜ್ಞರಿಗೆ ಅವರು ತರಬೇತಿ ನೀಡುತ್ತ ಬಂದಿದ್ದಾರೆ. 1981ರಲ್ಲಿ ಓಲ್ಕಾರಿಯಾ ಎಂಬಲ್ಲಿ ಮೊದಲ ಘಟಕವನ್ನು ಸ್ಥಾಪಿಸಿದ ಕೀನ್ಯಾ ಇಂದು ತನ್ನ ವಿದ್ಯುತ್ತಿನಲ್ಲಿ ಸುಮಾರು ಅರ್ಧದಷ್ಟನ್ನು ಭೂಶಾಖದಿಂದಲೇ ಪಡೆಯುತ್ತಿದೆ. ಭಾರತದಲ್ಲಿಯೂ ಬಿಸಿನೀರಿನ ಬುಗ್ಗೆಗಳು ನೂರಾರಿವೆ. ದಕ್ಷಿಣ ಕನ್ನಡದ ಪುತ್ತೂರು ಸೀಮೆಯ ಬೆಂದ್ರುತೀರ್ಥವು ಅಂಥವುಗಳಲ್ಲಿ ಒಂದು. ಅದರ ನೀರು ಮೀಯುವುದಕ್ಕೆ ಹಿತವಾದಷ್ಟೇ ಬಿಸಿ, ವಿದ್ಯುತ್ತಿಗೆ ಸಾಲದು. ಲಡಾಖಿನಲ್ಲಿ ಸುಮಾರು 4,400 ಮೀಟರ್ ಎತ್ತರದಲ್ಲಿರುವ ಪೂಗಾ ಕಣಿವೆಯ ಬುಗ್ಗೆಗಳಾದರೋ ಕುದಿಯುತ್ತಲೇ ಇವೆ. ಅಲ್ಲಿ ವಿದ್ಯುತ್ ಉತ್ಪಾದಿಸುವ ಪ್ರಯತ್ನಕ್ಕಾಗಿ 2021ರಲ್ಲಿ ಒಪ್ಪಂದವಾಯಿತು. ಡೀಸೆಲನ್ನು ಬೆಟ್ಟ ಹತ್ತಿಸಿ ಸಾಗಿಸಬೇಕಾದ ಆ ಹಿಮದ ನಾಡಿಗೆ ಕಾಲಡಿಯ ಶಾಖವು ಬಹುದೊಡ್ಡ ಆಸರೆಯಾಗಬಲ್ಲದು.

ಎಲ್ಲ ನಾಡುಗಳಿಗೂ ಒಂದೇ ಬಗೆಯ ಒಲೆಯನ್ನು ಪ್ರಕೃತಿ ಇಟ್ಟಿಲ್ಲ. ಒಂದೆಡೆ ಬಿಸಿಲು, ಒಂದೆಡೆ ಗಾಳಿ, ಒಂದೆಡೆ ಹರಿವ ಹೊಳೆ, ಇನ್ನೊಂದೆಡೆ ನೆಲದಾಳದ ಬೆಂಕಿ. ತನ್ನ ನೆಲದಲ್ಲಿ ಏನಿದೆಯೆಂಬುದನ್ನು ತಾಳ್ಮೆಯಿಂದ ಅರಿತು, ನಷ್ಟವನ್ನೂ ಲಾಭವನ್ನೂ ಹಂಚಿಕೊಂಡು, ಭೂಮಿಯು ಮತ್ತೆ ತುಂಬಿಕೊಡುವಷ್ಟನ್ನು ಮಾತ್ರ ಪಡೆಯುವ ಜನರಿಗೆ ಆ ಒಲೆಯು ತಲೆಮಾರುಗಳವರೆಗೆ ಆರದೆ ಉಳಿಯುತ್ತದೆ.