ಮರಳಿ ಬರುವ ನೀರು

ಭದ್ರೆ ಹುಟ್ಟುವುದು ಪಡುಗಡಲಿಗೆ ಸಮೀಪದ ಗಂಗಾಮೂಲದಲ್ಲಿ. ಆದರೂ ಆಕೆ ಆ ಕಡಲಿಗೆ ಬೆನ್ನು ತಿರುಗಿಸಿ, ತುಂಗೆ ಕೃಷ್ಣೆಯರನ್ನು ಕೂಡಿ, ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ನರಸಿಂಹರಾಜಪುರದ ನಮ್ಮ ಮನೆಯವರ ಸ್ವಭಾವವೂ ಅಂತಹುದೇ. ಲಕ್ಕವಳ್ಳಿ ಅಣೆಕಟ್ಟಿನ ಹಿನ್ನೀರು ಗದ್ದೆ ತೋಟಗಳನ್ನು ಮುಳುಗಿಸಿದ್ದನ್ನು ಬಾಲ್ಯದಲ್ಲಿಯೇ ಕಂಡ ನಮ್ಮ ತಾಯಿಯವರಿಗೆ, ನೀರು ಕೊಂಡೊಯ್ದದ್ದು ಎಂದಿಗೂ ಮರಳದು. "ನೀರಿಗೆ ಇಳಿಯಕೂಡದು" ಎಂಬುದು ಮನೆಯ ಶಾಸನ.

ಅದನ್ನು ಮುರಿದವಳು ನನ್ನ ಮಗಳು. ಅಲೆಯೇರುವ ಆಟವಾದ ಸರ್ಫಿಂಗ್ ಕಲಿಯಬೇಕೆಂದು ಹಟ ಹಿಡಿದು ನಮ್ಮೆಲ್ಲರನ್ನೂ ಮೂಲ್ಕಿಗೆ ಹೊರಡಿಸಿದಳು. ಸಮೀಪದ ಸಸಿಹಿತ್ಲಿನಲ್ಲಿ ಶಾಂಭವಿ, ನಂದಿನಿ ನದಿಗಳು ಕಡಲನ್ನು ಕೂಡುತ್ತವೆ. 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದದ್ದೂ ಅಲ್ಲಿಯೇ. ಹಲಗೆಯ ಹಗ್ಗವನ್ನು ಕಾಲಿಗೆ ಬಿಗಿದುಕೊಂಡು ಮಗಳು ಹತ್ತು ಬಾರಿ ಬಿದ್ದಳು. ಹತ್ತು ಬಾರಿಯೂ ಅಲೆಯೇ ಅವಳನ್ನು ದಡದತ್ತ ತಂದಿತು. ತಾಯಿಯವರು ಉಸಿರು ಬಿಗಿಹಿಡಿದು ಎಣಿಸುತ್ತಿದ್ದರು.

ಸಂಜೆ ಬೆಸ್ತರೊಬ್ಬರು ಆ ದಡದ ಇನ್ನೊಂದು ಕಥೆ ಹೇಳಿದರು. 2024ರಲ್ಲಿ ಅಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಟ್ಟವು. ಅರಣ್ಯ ಇಲಾಖೆಯವರು ಗೂಡುಗಳನ್ನು ಕಾದರು. ಸುಮಾರು ಐವತ್ತು ದಿನ ಮರಳಿನ ಕಾವಿನಲ್ಲಿದ್ದು ಒಡೆದುಬಂದ ಮರಿಗಳು ತಾವಾಗಿಯೇ ನೀರಿನತ್ತ ತೆವಳಿದವು.

"ಅಯ್ಯೋ, ತಾಯಿ ಜೊತೆಗಿರುವುದಿಲ್ಲವೆ?" ಎಂದರು ನಮ್ಮ ತಾಯಿ.

"ಇಲ್ಲಮ್ಮ. ಆದರೆ ಬೆಳೆದ ಹೆಣ್ಣಾಮೆ ಮೊಟ್ಟೆಯಿಡಲು ಹುಟ್ಟಿದ ತೀರವನ್ನೇ ಅರಸಿ ಬರುತ್ತದೆ."

ತಾಯಿಯವರು ಬಹಳ ಹೊತ್ತು ಕಡಲನ್ನೇ ನೋಡಿದರು. ಬಳಿಕ ಮೊಮ್ಮಗಳತ್ತ ತಿರುಗಿ, "ನಾಳೆಯೂ ಪಾಠ ಉಂಟೇನೇ ಪುಟ್ಟಿ? ಹಾಗಿದ್ದರೆ ಬೇಗ ಮಲಗು" ಎಂದರು.