ಇಳಕಲ್ಲಿನಲ್ಲಿ ಏಳು ದಿನ

ಕನ್ನಡ ನಾಡಿನ ಬಡಗಣ ಸೀಮೆಯಲ್ಲಿ ಪ್ರವಾಸ ಮಾಡುವವರು ಬಾದಾಮಿಯ ಗುಹೆಗಳನ್ನೂ ಐಹೊಳೆಯ ದೇವಾಲಯಗಳನ್ನೂ ಕೂಡಲಸಂಗಮದ ಪುಣ್ಯಕ್ಷೇತ್ರವನ್ನೂ ಕಂಡು ಕೃತಾರ್ಥರಾಗುವುದುಂಟು. ಅದೇ ಬಾಗಲಕೋಟೆ ಜಿಲ್ಲೆಗೆ ಸೇರಿದ ಇಳಕಲ್ಲಿಗೆ ಮಾತ್ರ ಸೀರೆ ಕೊಳ್ಳಬೇಕಾದವರ ಹೊರತು ಅನ್ಯ ಯಾತ್ರಿಕರು ಹೋಗುವುದು ವಿರಳ. ಊರಿನ ಸುತ್ತಲೂ ಕೆಂಪು ಕಲ್ಲಿನ ಗಣಿಗಳಿವೆ. ಆ ಕಲ್ಲು ದೂರದೇಶಗಳ ಸೌಧಗಳಿಗೂ ನೆಲಹಾಸಾಗುತ್ತದೆ. ಆದರೆ ಊರಿಗೆ ಹೆಸರು ಬಂದುದು ಕಲ್ಲಿನಿಂದಲ್ಲ, ನೂಲಿನಿಂದ. ಕಲ್ಲಿನಲ್ಲಿ ಕಡೆದುದು ಸಾವಿರ ವರ್ಷ ನಿಂತೀತು. ನೂಲಿನಲ್ಲಿ ನೇಯ್ದುದು ಒಂದು ತಲೆಮಾರಿನಲ್ಲಿ ಸವೆದು ಹೋಗುವುದು. ಆದುದರಿಂದ ನೂಲಿನ ಕಲೆಯು ಉಳಿಯಬೇಕಾದರೆ ಅದನ್ನು ಪ್ರತಿ ತಲೆಮಾರಿನವರೂ ಹೊಸದಾಗಿ ಕಲಿಯಬೇಕು. ಈ ಕಲಿಕೆಯು ಒಂದು ಮನೆಯಲ್ಲಿ ಹೇಗೆ ನಡೆಯುತ್ತದೆ, ಯಾರ ಬೆರಳುಗಳಲ್ಲಿ ನಡೆಯುತ್ತದೆ ಎಂಬುದನ್ನು ಕಂಡಷ್ಟು ವಾಚಕರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಮೂವತ್ತು ವರ್ಷಗಳ ಹಿಂದೆ ನನ್ನಲ್ಲಿ ಸಂಸ್ಕೃತ ಶಬ್ದರೂಪಗಳನ್ನು ಕಲಿತ ವಿದ್ಯಾರ್ಥಿಯೊಬ್ಬನು ಇಳಕಲ್ಲಿನಲ್ಲಿ ಮನೆತನದ ನೇಕಾರಿಕೆಯನ್ನೇ ನಡೆಸಿಕೊಂಡಿದ್ದಾನೆ. “ಗುರುಗಳ, ಒಂದು ಸೀರಿ ಹುಟ್ಟಿ ಮಡಿಕಿ ಆಗೂತನಕ ನಮ್ಮನ್ಯಾಗ ಇರ್‍ರಿ” ಎಂದು ಅನೇಕ ವರ್ಷಗಳಿಂದ ಕರೆಯುತ್ತಿದ್ದನು. ಕೈಮಗ್ಗದಲ್ಲಿ ಇಳಕಲ್ಲಿನ ಒಂದು ಸೀರೆಗೆ ಸುಮಾರು ಏಳು ದಿನ ಹಿಡಿಯುವುದರಿಂದ, ಈ ವೈಶಾಖ ಮಾಸದಲ್ಲಿ ಒಂದು ವಾರದ ಮಟ್ಟಿಗೆ ಅಲ್ಲಿಗೆ ಹೋದೆನು. ಧಾರವಾಡದಿಂದ ಹೊರಟ ಬಸ್ಸು ಕರಿಮಣ್ಣಿನ ಬಯಲುಗಳನ್ನು ದಾಟಿ ಇಳಕಲ್ಲನ್ನು ಸೇರುವ ಹೊತ್ತಿಗೆ ಬಿಸಿಲು ಇಳಿದಿತ್ತು.

ಅವರ ಮನೆಯ ಹೊಸಿಲು ದಾಟಿದೊಡನೆ ಮೊದಲು ಕಾಣುವುದು ಮಗ್ಗ, ಅನಂತರ ಮನೆಯವರು. ನೆಲದಲ್ಲಿ ಸೊಂಟದುದ್ದದ ಕುಣಿ ತೋಡಿ, ಅದರ ಅಂಚಿನಲ್ಲಿ ಕುಳಿತು, ಕಾಲುಗಳನ್ನು ಕೆಳಗಿಳಿಬಿಟ್ಟು ತುಳಿಗೋಲುಗಳನ್ನು ಒತ್ತುತ್ತ ನೇಯುವ ಈ ಮಗ್ಗಕ್ಕೆ ಕುಣಿಮಗ್ಗವೆಂದು ಹೆಸರು. ನೇಕಾರನು, ಅವನ ವೃದ್ಧಮಾತೆ, ಪತ್ನಿ, ದ್ವಿತೀಯ ಪಿ.ಯು.ಸಿ.ಯಲ್ಲಿ ಆಗತಾನೆ ತೇರ್ಗಡೆಯಾದ ಹದಿನೆಂಟರ ಮಗಳು, ಏಳನೆಯ ತರಗತಿಯ ಮಗ ಇವರಿಷ್ಟೇ ಆ ಮನೆಯವರು. ಮಗ್ಗದ ಮೇಲೆ ಕೂಡುವವನು ಒಬ್ಬನೇ ಆದರೂ ಒಂದು ಮಗ್ಗವು ನಡೆಯಲು ಮೂರು ಜನರ ಕೈಯಾದರೂ ಬೇಕೆಂಬುದು ಎರಡು ದಿನಗಳಲ್ಲಿಯೇ ನನಗೆ ಮನದಟ್ಟಾಯಿತು.

ಮೊದಲನೆಯ ದಿನ ನೂಲಿನ ಕೆಲಸ. ಅಜ್ಜಿಯು ರಾಟೆಯ ಮುಂದೆ ಕುಳಿತು ಲಡಿಗಳನ್ನು ಬಿಚ್ಚಿ ಕಂಡಿಕೆ ಸುತ್ತಿದಳು. ಆಕೆಯ ಕಣ್ಣು ಮಂಜಾಗಿದೆ. ಎಳೆ ಹರಿದುದನ್ನು ಈಗ ಬೆರಳೇ ನೋಡುತ್ತದೆ. ಸೊಸೆಯು ಹಾಸಿನ ನೂಲನ್ನು ಹವಣಿಸಿದಳು. ಇಳಕಲ್ಲಿನ ಸೀರೆಗೆ ಒಡಲು ಹತ್ತಿಯದು, ದಡಿ ಮತ್ತು ಸೆರಗು ರೇಷ್ಮೆಯವು. ಈಚೆಗೆ ಕೃತಕ ರೇಷ್ಮೆಯೂ ಬಳಕೆಗೆ ಬಂದಿದೆ. ಸೆರಗಿನ ಬಣ್ಣ ಕೆಂಪೆಂಬುದೇ ಸಂಪ್ರದಾಯ. ನಡುನಡುವೆ ಬಿಳಿಯ ಪಟ್ಟೆಗಳು ಬರುತ್ತವೆ. ಈ ಸೆರಗಿಗೆ ಟೋಪತೆನಿ ಸೆರಗೆನ್ನುತ್ತಾರೆ. ದಡಿಗಳಲ್ಲಿ ಗೋಮಿ, ಚಿಕ್ಕಿ, ಗಾಡಿ ಮೊದಲಾದ ಭೇದಗಳಿವೆ. ಇಂಥ ಸೀರೆಯನ್ನುಟ್ಟು ಗುಳೇದಗುಡ್ಡದ ಖಣದ ಕುಪ್ಪಸವನ್ನು ತೊಟ್ಟ ಗೃಹಿಣಿಯು ನಮ್ಮ ಸೀಮೆಯ ಹಬ್ಬಹರಿದಿನಗಳಿಗೆಲ್ಲ ಕಳೆ.

ಎರಡನೆಯ ದಿನ ನಡೆದುದೇ ಈ ನೇಯ್ಗೆಯ ಮರ್ಮ. ಬೇರೆ ಊರುಗಳ ಎಷ್ಟೋ ಸೀರೆಗಳಲ್ಲಿ ಒಡಲಿನ ಹಾಸೇ ಮುಂದುವರಿದು ಸೆರಗೂ ಆಗುತ್ತದೆ. ಇಳಕಲ್ಲಿನಲ್ಲಿ ಹಾಗಲ್ಲ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದರ ಎಳೆಯ ಕುಣಿಕೆಯಲ್ಲಿ ಮತ್ತೊಂದರ ಎಳೆಯನ್ನು ತೊಡಿಸಿ, ಹತ್ತಿಯನ್ನೂ ರೇಷ್ಮೆಯನ್ನೂ ಗಂಟಿಲ್ಲದೆ ಬೆಸೆಯುತ್ತಾರೆ. ಇದಕ್ಕೆ ಕೊಂಡಿಯೆಂದು ಹೆಸರು. ಹೀಗಿರುವುದರಿಂದಲೇ ಹಾಸನ್ನು ಒಂದು ಸಲಕ್ಕೆ ಒಂದೇ ಸೀರೆಗಾಗುವಷ್ಟು ಸಿದ್ಧಪಡಿಸಬೇಕು. ಸೀರೆ ಮುಗಿದೊಡನೆ ಮತ್ತೆ ಮೊದಲಿನಿಂದ ಕೊಂಡಿ ಹಾಕಬೇಕು. ಸೀರೆಯ ಅಗಲದುದ್ದಕ್ಕೂ ಎಳೆಗೆ ಎಳೆ ಹೊಂದಬೇಕಾದ ಈ ಕೆಲಸಕ್ಕೆ ಕುಳಿತವಳು ಆ ಮನೆಯ ಮಗಳು. ಎರಡು ಜಡೆಗಳನ್ನು ಬೆನ್ನ ಹಿಂದೆ ಎಸೆದು, ತುಟಿ ಬಿಗಿದು, ಮಧ್ಯಾಹ್ನದ ಊಟದವರೆಗೆ ತಲೆಯೆತ್ತಲಿಲ್ಲ. ಬೆರಳುಗಳ ಚಲನೆಯನ್ನು ಕಾಣಬಹುದಾಗಿತ್ತಲ್ಲದೆ ಎಣಿಸುವುದು ನನ್ನಿಂದಾಗಲಿಲ್ಲ.

ಮಕ್ಕಳ ಬೆಳವಣಿಗೆಯನ್ನು ನಾವು ಗೋಡೆಯ ಮೇಲೆ ಗೆರೆ ಎಳೆದು ಅಳೆಯುತ್ತೇವೆ. ಆ ಮನೆಯಲ್ಲಿ ಮಗ್ಗವೇ ಅಳತೆಗೋಲು. “ಐದು ವರ್ಷದಾಕಿ ಇದ್ದಾಗ ಕಂಡಿಕಿ ಉಳ್ಳಾಡಸ್ಕೋತ ಆಡ್ತಿದ್ಲು. ಎಂಟಕ್ಕ ರಾಟಿ ತಿರುವಿದ್ಲು. ಹನ್ನೆರಡಕ್ಕ ಕೊಂಡಿ ಹಿಡಿದ್ಲು. ತುಳಿಗೋಲಿಗೆ ಕಾಲು ಎಟಕಿದ ದಿನ, ಇನ್ನ ಇಕಿ ದೊಡ್ಡಾಕಿ ಆದ್ಲು ಅಂತ ನಾನು ಸಕ್ಕರಿ ಹಂಚೇನಿ” ಎಂದು ಅಜ್ಜಿ ನಕ್ಕಳು. ಇಷ್ಟರ ನಡುವೆ ಹುಡುಗಿ ಶಾಲೆಯನ್ನು ಒಂದು ದಿನವೂ ಬಿಟ್ಟವಳಲ್ಲವೆಂದು ತಾಯಿ ಅಭಿಮಾನದಿಂದ ಹೇಳಿದಳು.

ಮೂರನೆಯ ದಿನದಿಂದ ನೇಯ್ಗೆ ಮೊದಲಾಯಿತು. ಲಾಳಿ ಅತ್ತಿಂದಿತ್ತ ಓಡುವ ಸದ್ದು ಬೆಳಗಿನಿಂದ ಸಂಜೆಯವರೆಗೂ ಮನೆಯನ್ನು ತುಂಬಿತ್ತು. ನನ್ನ ಶಿಷ್ಯನು ಮಧ್ಯಾಹ್ನ ವಿಶ್ರಮಿಸಿದಾಗ ಮಗಳು ಕುಣಿಗಿಳಿದು ನೇಯುವಳು; ಸದ್ದಿನ ಲಯ ಕೊಂಚವೂ ಬದಲಾಗುತ್ತಿರಲಿಲ್ಲ. ಅದನ್ನು ಕೇಳುತ್ತ ಕುಳಿತ ನನಗೆ ನಮ್ಮ ಶಾಸ್ತ್ರಭಾಷೆಯು ನೇಕಾರರಿಗೆ ಎಷ್ಟು ಋಣಿಯೆಂಬುದು ನೆನಪಾಯಿತು. ಸೂತ್ರವೆಂದರೆ ನೂಲು; ತಂತ್ರವೆಂದರೆ ಮಗ್ಗ. ಓತಪ್ರೋತವೆಂದು ನಾವು ಸಲೀಸಾಗಿ ಆಡುವ ಮಾತು ಹಾಸುಹೊಕ್ಕಿನದು. ಬೃಹದಾರಣ್ಯಕದಲ್ಲಿ ಗಾರ್ಗಿಯು ಯಾಜ್ಞವಲ್ಕ್ಯರನ್ನು, ಈ ಲೋಕಗಳೆಲ್ಲ ಯಾವುದರಲ್ಲಿ ಹಾಸುಹೊಕ್ಕಾಗಿವೆಯೆಂದು ಮೇಲಿಂದ ಮೇಲೆ ಪ್ರಶ್ನಿಸುತ್ತಾಳೆ. ಜನಕನ ಸಭೆಯಲ್ಲಿ ಅಷ್ಟು ಜನ ವಿದ್ವಾಂಸರಿದ್ದರೂ ನೇಯ್ಗೆಯ ಮಾತಿನಿಂದ ಬ್ರಹ್ಮವಸ್ತುವನ್ನು ಕೆಣಕಿದವಳು ಒಬ್ಬ ಹೆಣ್ಣುಮಗಳು. ಕನ್ನಡದಲ್ಲಿಯೂ ವಚನಕಾರರ ಪೈಕಿ ಬಹು ಹಿಂದಿನವನಾದ ದೇವರ ದಾಸಿಮಯ್ಯನು ಮಗ್ಗದ ಕಾಯಕದವನು.

ಸಂಜೆ ದೀಪ ಹಚ್ಚಿದ ಮೇಲೆ ತಾಯಿಯ ಕೈಗೆ ಸೂಜಿ ಬರುತ್ತಿತ್ತು. ಆಕೆಯ ತವರು ಧಾರವಾಡದ ಕಡೆ. ಕಸೂತಿ ಅಲ್ಲಿಯ ಬಳುವಳಿ. ಗವಂತಿ, ಮುರಗಿ, ನೇಯ್ಗಿ, ಮೆಂತ್ಯ ಎಂದು ಅದರಲ್ಲಿ ನಾಲ್ಕು ಬಗೆಯ ಹೊಲಿಗೆಗಳು. ಗವಂತಿಯಲ್ಲಿ ಬಟ್ಟೆಯ ಒಳಮೈ ಹೊರಮೈ ಎರಡೂ ಒಂದೇ ತೆರನಾಗಿ ಕಾಣುವುವು. ಮೆಂತ್ಯದ ಹೊಲಿಗೆ ಮೆಂತ್ಯದ ಕಾಳು ಹರಡಿದಂತಿರುವುದು. ಬಟ್ಟೆಯ ಮೇಲೆ ಮುಂಚಿತವಾಗಿ ಚಿತ್ರ ಬರೆಯುವುದಿಲ್ಲ, ದಾರಕ್ಕೆ ಗಂಟು ಹಾಕುವುದಿಲ್ಲ. ಎಳೆಗಳನ್ನು ಎಣಿಸುತ್ತ ಗೋಪುರ, ತೇರು, ತುಲಸೀವೃಂದಾವನ, ಆನೆ, ನವಿಲುಗಳನ್ನು ಎಬ್ಬಿಸಬೇಕು. ಒಂದೆಳೆ ತಪ್ಪಿದರೆ ಆನೆಯ ಕಾಲು ಸೊಟ್ಟ. ಆಕೆ ಕಸೂತಿ ಹಾಕುತ್ತಿದ್ದುದು ಒಂದು ಚಂದ್ರಕಾಳಿ ಸೀರೆಯ ಮೇಲೆ. ಚಂದ್ರಕಾಳಿಯೆಂದರೆ ಕಪ್ಪು ಸೀರೆ. ಕಸೂತಿಯ ಚಂದ್ರಕಾಳಿಯನ್ನು ಮದುಮಗಳಿಗೆ ಕೊಡುವುದು ಆ ಸೀಮೆಯ ಹಳೆಯ ವಾಡಿಕೆ. ಯಾರಿಗಾಗಿ ಆ ಸೀರೆಯೆಂದು ನಾನು ಕೇಳಬೇಕಾಗಿರಲಿಲ್ಲ.

ನಾಲ್ಕನೆಯ ದಿನ ರಾತ್ರಿ, ಊಟವಾದ ಮೇಲೆ, ಆ ಮನೆಯಲ್ಲಿ ಮುಚ್ಚಿಟ್ಟಿದ್ದ ಮಾತು ಹೊರಬಿತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸಮುದಾಯ ವಿಜ್ಞಾನದ ಮಹಾವಿದ್ಯಾಲಯವೊಂದಿದೆ. ಬಟ್ಟೆಯ ಶಾಸ್ತ್ರ, ಬಣ್ಣ, ವಿನ್ಯಾಸಗಳನ್ನು ಅಲ್ಲಿ ಕಲಿಸುತ್ತಾರೆ. ನಾಲ್ಕು ವರ್ಷಗಳ ಪದವಿ. ಮಗಳ ಮನಸ್ಸು ಅಲ್ಲಿಗೆ ಎಳೆಯುತ್ತಿತ್ತು. ತಂದೆಯು ನನ್ನ ಕಡೆ ತಿರುಗಿ, “ಓದು ಬ್ಯಾಡ ಅನ್ನಾಂವ ನಾ ಅಲ್ರಿ, ಗುರುಗಳ. ಆದರ ಇಕಿ ಹ್ವಾದ್ರ ಕೊಂಡಿ ಯಾರ್ ಹಾಕ್ಬೇಕ್ರಿ? ಅವ್ವಗ ಕಣ್ಣು ಕಾಣಂಗಿಲ್ಲ. ಇಕಿ ತಾಯಿ ಅಡಗಿ ನೋಡ್ಬೇಕೊ, ನೂಲ ನೋಡ್ಬೇಕೊ? ಹೊರಗಿನವರಿಗೆ ಪಗಾರ ಕೊಟ್ರ ಸೀರ್‍ಯಾಗ ನಮಗೇನ ಉಳೀತದ?” ಎಂದನು. ಮಾತಿನಲ್ಲಿ ಕೋಪವಿರಲಿಲ್ಲ, ಲೆಕ್ಕವಿತ್ತು. ಮಗ್ಗದ ಮನೆಯ ಲೆಕ್ಕ ಎಷ್ಟು ಬಿಗಿಯೆಂಬುದನ್ನು ನಾನೂ ನಾಲ್ಕು ದಿನ ಕಂಡಿದ್ದೆನು. ಅದೇ ಬೀದಿಯಲ್ಲಿ ವಿದ್ಯುತ್ ಮಗ್ಗಗಳು ಹಗಲೆಲ್ಲ ಗುಡುಗುತ್ತವೆ. ಅವು ನೇಯ್ದ ಸೀರೆಯು ಅಗ್ಗ, ದೂರದಿಂದ ನೋಡುವವರಿಗೆ ವ್ಯತ್ಯಾಸ ತೋರದು.

ಮಗಳು ತಂದೆಗೆ ಎದುರಾಡಲಿಲ್ಲ. ನನ್ನನ್ನೇ ಕೇಳಿದಳು: “ಅಜ್ಜಾರ, ಸಾಹುಕಾರರ ವಹಿಯಾಗ ಅಪ್ಪನ ಹೆಸರೈತಿ. ಅಜ್ಜಿ ಸುತ್ತಿದ ಕಂಡಿಕಿ, ಅವ್ವನ ಹಾಸು, ನನ್ನ ಕೊಂಡಿ, ಇವು ಯಾರ ವಹಿಯಾಗ ಅದಾವ್ರಿ?”

ನಲವತ್ತು ವರ್ಷ ಪ್ರಶ್ನೆ ಕೇಳಿಸಿಕೊಂಡವನಿಗೂ ಉತ್ತರ ಕೂಡಲೆ ಹೊಳೆಯದ ಪ್ರಶ್ನೆಗಳಿರುತ್ತವೆ. 2019-20ರ ಅಖಿಲ ಭಾರತ ಕೈಮಗ್ಗ ಗಣತಿಯು ದೇಶದಲ್ಲಿ ಕೈಮಗ್ಗದ ಕೆಲಸಗಾರರು 35 ಲಕ್ಷಕ್ಕೂ ಹೆಚ್ಚೆಂದೂ, ಅವರಲ್ಲಿ ನೂರಕ್ಕೆ 72ರಷ್ಟು ಮಂದಿ ಸ್ತ್ರೀಯರೆಂದೂ ಎಣಿಸಿತು. ಸರಕಾರವು ಮನೆಮನೆಗೆ ಹೋಗಿ ಎಣಿಸಿದ ಕೈಗಳು ಮನೆಯ ಲೆಕ್ಕದಲ್ಲಿಯೇ ಕಾಣದಿರುವುದು ವಿಚಿತ್ರವಲ್ಲವೆ? ನಾನು ಹೇಳಿದುದಿಷ್ಟೆ: “ಮಗಳೇ, ಮಗಳೆಂಬ ಅರ್ಥದ ದುಹಿತೃ ಶಬ್ದಕ್ಕೆ ಯಾಸ್ಕಾಚಾರ್ಯರು ಹಲವು ವ್ಯುತ್ಪತ್ತಿಗಳನ್ನು ಕೊಟ್ಟಿದ್ದಾರೆ. ದೂರದಲ್ಲಿದ್ದರೆ ಹಿತವಾದವಳು ಎಂಬುದೊಂದು. ಕರೆಯುವವಳು, ಹಾಲು ಹಿಂಡುವವಳು ಎಂಬುದಿನ್ನೊಂದು. ಜನರು ಮೊದಲನೆಯದನ್ನೇ ಹಿಡಿದುಕೊಂಡು ಮದುವೆ ಮಾಡಿ ದೂರ ಕಳಿಸುತ್ತಾರೆ. ಮನೆಗೆ ಹಾಲೆರೆದವಳು ಯಾರೆಂಬುದನ್ನು ಎರಡನೆಯದು ಹೇಳುತ್ತದೆ.” ಶಿಷ್ಯನು ತಲೆ ತಗ್ಗಿಸಿ ಕೇಳಿದನು, ಏನೂ ಹೇಳಲಿಲ್ಲ.

ಉತ್ತರ ಬಂದುದು ತಾಯಿಯಿಂದ. ಮರುದಿನ ಸಂಜೆ ಚಂದ್ರಕಾಳಿಯನ್ನು ತೊಡೆಯ ಮೇಲೆ ಹರಡಿಕೊಂಡು, ಸೂಜಿಗೆ ದಾರ ಪೋಣಿಸುತ್ತ, ಗಂಡನಿಗೆ ಕೇಳಿಸುವಂತೆ ನನಗೆ ಹೇಳಿದಳು: “ಈ ಸೀರಿ ಮುಗಿಯಾಕ ಇನ್ನ ನಾಕ ವರ್ಷ ಹಿಡೀತದ್ರಿ, ಮಾಸ್ತರ್‍ರ. ನನಗೇನ ಅವಸರಿಲ್ಲ.” ಆ ಸೀರೆಗೆ ನಾಲ್ಕು ವರ್ಷ ಬೇಕಿಲ್ಲವೆಂಬುದು ಮನೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು. ಮಗ್ಗದ ಸದ್ದು ಕ್ಷಣಮಾತ್ರ ನಿಂತು ಮತ್ತೆ ಮೊದಲಾಯಿತು.

ಏಳನೆಯ ದಿನ ಬೆಳಿಗ್ಗೆ ಸೀರೆಯನ್ನು ಮಗ್ಗದಿಂದ ಕೊಯ್ದರು. ದಾಳಿಂಬೆಯ ಬಣ್ಣದ ಒಡಲು, ಕೆಂಪು ಸೆರಗು. ಶಿಷ್ಯನು ಅದನ್ನು ಮಡಿಸಿಕೊಂಡು ಸಾಹುಕಾರರಲ್ಲಿಗೆ ಹೋಗಿ, ಮಜೂರಿ ಪಡೆದು, ಹೊಸ ನೂಲು ತಂದನು. ಹಾಸು ಹೂಡುವ ಹೊತ್ತಿಗೆ ಮಗಳು ಎಂದಿನಂತೆ ಕೊಂಡಿಗೆ ಕುಳಿತಳು. ಆಗ ತಂದೆಯು ಮಗ್ಗದ ಕುಣಿಯಿಂದ ಎದ್ದು ಬಂದು, ಅವಳ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, “ತೋರ್ಸವಾ, ಹ್ಯಾಂಗ ಅಂತ” ಎಂದನು. ಮೂವತ್ತು ವರ್ಷ ಲಾಳಿ ಹಿಡಿದು ದಪ್ಪಗಾದ ಬೆರಳುಗಳು. ಮೊದಲನೆಯ ಕುಣಿಕೆ ಜಾರಿತು, ಎರಡನೆಯದೂ ಜಾರಿತು. ಮೂರನೆಯದರಲ್ಲಿ ರೇಷ್ಮೆಯ ಎಳೆಯೇ ಹರಿಯಿತು. “ಬಿಗಿ ಹಿಡೀಬ್ಯಾಡ ಅಪ್ಪಾ, ಎಳಿ ತಾನ ಬರ್ತದ” ಎಂದು ಮಗಳು ಅವನ ಕೈ ಹಿಡಿದು ತೋರಿಸಿದಳು. ತಮ್ಮನು ಬಾಗಿಲಲ್ಲಿ ನಿಂತು ಕಿಸಕ್ಕನೆ ನಕ್ಕನು. “ನಗಬ್ಯಾಡ. ನಾಳಿ ನೀನೂ ಕೂಡಬೇಕು” ಎಂದು ತಂದೆ ಗದರಿದನು. ಅಷ್ಟರ ಮೇಲೆ ಧಾರವಾಡದ ಮಾತನ್ನು ಯಾರೂ ಎತ್ತಲಿಲ್ಲ, ಎತ್ತುವ ಅಗತ್ಯವಿರಲಿಲ್ಲ. ಮಧ್ಯಾಹ್ನದವರೆಗೆ ಅವನು ಸೇರಿಸಿದ್ದು ಬೆರಳೆಣಿಕೆಯಷ್ಟು ಎಳೆಗಳನ್ನು. ಆದರೆ ಅವು ಬಿಚ್ಚಿಕೊಳ್ಳಲಿಲ್ಲ.

ನೇಯ್ಗೆಯ ಕುಲಗಳಲ್ಲಿ ವಿದ್ಯೆಯು ತಂದೆಯಿಂದ ಮಗನಿಗೆ ಬರುವುದೆಂದು ನಾವು ಓದಿದ್ದೇವೆ. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬರುವ ವಿದ್ಯೆ ಅದರ ಜತೆಗೇ ಹರಿಯುತ್ತಿದ್ದರೂ ಅದಕ್ಕೆ ಮನೆಗೆಲಸವೆಂಬ ಹೆಸರಿಟ್ಟು ಸುಮ್ಮನಾಗಿದ್ದೇವೆ. ಮಗಳು ಬೆಳೆದು ಹೊರಟು ನಿಂತಾಗಲೇ ಆ ಕೆಲಸದ ತೂಕ ತಿಳಿಯುತ್ತದೆ. ಕಲೆಯನ್ನು ಉಳಿಸಬೇಕೆಂಬ ನೆವದಿಂದ ಅವಳನ್ನು ಕಟ್ಟಿಹಾಕಿದರೆ ಕಲೆ ಉಳಿಯದು. ಬೇಸರದ ಬೆರಳಿನಲ್ಲಿ ಕೊಂಡಿ ನಿಲ್ಲದು. ಅವಳು ಓದಿ ಬಣ್ಣದ ಮರ್ಮವನ್ನೂ ಮಾರಾಟದ ಲೆಕ್ಕವನ್ನೂ ಅರಿತು ಬಂದರೆ ಮಗ್ಗಕ್ಕೆ ಲಾಭವೇ. ಬಾರದೆ ಬೇರೆ ದಾರಿ ಹಿಡಿದರೂ ಅವಳ ಬಾಳು ಅವಳದು. ಉಳಿದವರು ಅವಳಿಂದ ಕಲಿತಿಟ್ಟುಕೊಳ್ಳುವುದೇ ಜಾಣತನ.

ಇಳಕಲ್ಲಿನ ಸೀರೆಗೆ ಈಗ ಭೌಗೋಳಿಕ ಸೂಚಿಯ ರಕ್ಷಣೆಯಿದೆ. ಆಗಸ್ಟ್ 7ನ್ನು 2015ರಿಂದ ರಾಷ್ಟ್ರೀಯ ಕೈಮಗ್ಗ ದಿನವೆಂದು ಆಚರಿಸುತ್ತಾರೆ. ಇವೆಲ್ಲ ಒಳ್ಳೆಯವೇ. ಆದರೂ ವಾಚಕರಾದ ಗೃಹಸ್ಥರಲ್ಲಿ ನನ್ನದೊಂದು ಬಿನ್ನಹವಿದೆ. ಹಬ್ಬಕ್ಕೋ ಮದುವೆಗೋ ಇಳಕಲ್ಲಿನ ಸೀರೆಯನ್ನು ಕೊಳ್ಳುವಾಗ ಅಂಗಡಿಯಲ್ಲಿ ಅದನ್ನು ಪೂರ್ತಿ ಬಿಚ್ಚಿಸಿರಿ. ಒಡಲು ಮುಗಿದು ಸೆರಗು ಮೊದಲಾಗುವ ಎಡೆಯಲ್ಲಿ ಬೆರಳಾಡಿಸಿರಿ. ಹತ್ತಿಯೂ ರೇಷ್ಮೆಯೂ ಒಂದನ್ನೊಂದು ಹಿಡಿದುಕೊಂಡಿರುವ ಸಣ್ಣ ಗೆರೆಯೊಂದು ಅಲ್ಲಿ ಸಿಕ್ಕೀತು. ಅದು ಸಿಕ್ಕಿದರೆ ಬೆಲೆಯಲ್ಲಿ ಬಹಳ ಚೌಕಾಸಿ ಮಾಡಬೇಡಿರಿ. ಅದನ್ನು ಹಾಕಿದವಳ ಓದಿನ ಶುಲ್ಕವೂ ಆ ಬೆಲೆಯಲ್ಲಿ ಸೇರಿರಬಹುದು.