ಓಮಿಯಾದ ಬೋನ್ಸಾಯ್ ಗ್ರಾಮ

ಜಪಾನು ದೇಶದ ರಾಜಧಾನಿಯಾದ ಟೋಕಿಯೋ ನಗರದಿಂದ ಉತ್ತರ ದಿಕ್ಕಿಗೆ ರೈಲಿನಲ್ಲಿ ಸುಮಾರು 30 ಕಿಲೋಮೀಟರು ಸಾಗಿದರೆ ಓಮಿಯಾ ಎಂಬ ಊರು ದೊರೆಯುವುದು. 2001ರಲ್ಲಿ ಈ ಊರು ಸೈತಾಮಾ ನಗರದೊಳಗೆ ಸೇರಿಹೋಯಿತು. ಇದರ ಒಂದು ಅಂಚಿನಲ್ಲಿ, ತೋರೋ ಎಂಬ ಸಣ್ಣ ನಿಲ್ದಾಣಕ್ಕೆ ಸಮೀಪವಾಗಿ, ಕುಂಡದ ಮರಗಳಿಗಾಗಿಯೇ ಹುಟ್ಟಿದ ಗ್ರಾಮವೊಂದುಂಟು. ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ನಾವು ಅಲ್ಲಿಗೆ ಹೋದದ್ದು ಬರಿಯ ನೋಟಕ್ಕಾಗಿ ಅಲ್ಲ. ನಮ್ಮ ಜೊತೆಯಲ್ಲಿ ತೆಳುಬಟ್ಟೆಯಲ್ಲಿ ಸುತ್ತಿದ ಒಂದು ರೋಗಿಯೂ ಇದ್ದಿತು.

‘ಬೋನ್’ ಎಂದರೆ ಆಳವಿಲ್ಲದ ತಟ್ಟೆ. ‘ಸಾಯ್’ ಎಂದರೆ ನೆಡುವುದು. 1923ನೆಯ ಇಸವಿ ಸೆಪ್ಟೆಂಬರು 1ರಂದು ಟೋಕಿಯೋ ಪ್ರಾಂತವನ್ನು ನೆಲಸಮ ಮಾಡಿದ ಮಹಾಭೂಕಂಪದ ತರುವಾಯ, ದಂಗೋಜಾಕಾ ಎಂಬಲ್ಲಿ ತೋಟಗಳನ್ನಿಟ್ಟುಕೊಂಡಿದ್ದ ಬೋನ್ಸಾಯ್ ಕಸುಬಿನವರಲ್ಲಿ ಕೆಲವರು ಒಳ್ಳೆಯ ನೀರು, ಒಳ್ಳೆಯ ಗಾಳಿ, ವಿಶಾಲವಾದ ಸ್ಥಳಗಳನ್ನು ಅರಸುತ್ತ 1925ರಲ್ಲಿ ಇಲ್ಲಿಗೆ ಬಂದು ನೆಲಸಿದರು. ಇವರು ಮಾಡಿಕೊಂಡಿದ್ದ ಕಟ್ಟುಪಾಡುಗಳು ಸ್ವಾರಸ್ಯವಾಗಿವೆ. ಇಲ್ಲಿ ಮನೆ ಮಾಡುವವನು ಹತ್ತಕ್ಕೆ ಕಡಮೆಯಿಲ್ಲದಷ್ಟು ಬೋನ್ಸಾಯ್‌ಗಳನ್ನು ಸಾಕತಕ್ಕದ್ದು. ತೋಟದ ಬಾಗಿಲನ್ನು ಬಂದವರಿಗೆಲ್ಲ ತೆರೆದಿಡತಕ್ಕದ್ದು. ಮಾಳಿಗೆಯ ಮನೆ ಕಟ್ಟಕೂಡದು. ಬೇಲಿ ಜೀವಂತ ಗಿಡಗಳದೇ ಆಗಿರಬೇಕು. ಹಿಂದೆ ಮೂವತ್ತರಷ್ಟಿದ್ದ ತೋಟಗಳು ಈಗ ಬೆರಳೆಣಿಕೆಗೆ ಇಳಿದಿವೆ. ಆದರೂ ಬೀದಿಗಳ ಇಕ್ಕೆಲದ ಹಸುರುಬೇಲಿಗಳನ್ನು ನೋಡಿದರೆ ಆ ಹಳೆಯ ಕಟ್ಟುಪಾಡು ಪೂರ್ತಿ ಅಳಿದಿಲ್ಲವೆಂದು ತೋರುವುದು. 2010ರಲ್ಲಿ ನಗರಸಭೆಯವರು ಇಲ್ಲೊಂದು ಬೋನ್ಸಾಯ್ ಕಲಾಭವನವನ್ನೂ ತೆರೆದರು.

ತೋಟಗಳೊಳಗೆ ಕಾಲಿಟ್ಟೊಡನೆ ನಮ್ಮನ್ನು ಬೆರಗುಗೊಳಿಸಿದ ಸಂಗತಿ ಒಂದೇ: ಮರಗಳೆಲ್ಲವೂ ಹೊರಗಿವೆ! ಮರದ ಹಲಗೆಗಳ ಮೇಲೆ, ಬಿಸಿಲು, ಗಾಳಿ, ಇಬ್ಬನಿಗಳಿಗೆ ಮೈಯೊಡ್ಡಿಕೊಂಡು ನೂರಾರು ಕುಂಡಗಳು ಸಾಲುಗಟ್ಟಿ ನಿಂತಿವೆ. ಜಪಾನಿನ ಗೃಹಸ್ಥರು ಅತಿಥಿಗಳು ಬಂದಾಗ ಒಂದು ಮರವನ್ನು ಒಳಗೆ ತಂದು ‘ತೋಕೋನೋಮಾ’ ಎಂಬ ಅಲಂಕಾರದ ಗೂಡಿನಲ್ಲಿಟ್ಟು, ಕೆಲವು ದಿನಗಳಲ್ಲಿ ಮತ್ತೆ ಹೊರಗೊಯ್ಯುವರು. ನಮ್ಮ ಮನೆಗಳ ತುಲಸಿಯನ್ನು ನೆನೆಯಿರಿ. ಅಂಗಳದ ಕಟ್ಟೆಯಲ್ಲಿ ದಿನವೂ ಮಿಂದು ನಿಲ್ಲುವ ಆ ಗಿಡವನ್ನು ಯಾರಾದರೂ ನಡುಮನೆಯ ಕಪಾಟಿನ ಮೇಲೆ ಕೂರಿಸುವರೇ? ಮನೆಯೊಳಗಿನ ಬೋನ್ಸಾಯ್ ಎಂಬ ಮಾತು ಅಂಗಡಿಯವರ ಅನುಕೂಲಕ್ಕೆ ಹುಟ್ಟಿದ್ದೆಂದೇ ನಮ್ಮ ಅಭಿಪ್ರಾಯ.

ಇನ್ನು ನಮ್ಮ ರೋಗಿಯ ವಿಚಾರ. ನಮ್ಮ ತಂಗಿಯ ಮಗಳು ಗಂಡನೊಡನೆ ಟೋಕಿಯೋದ ನಿಶಿ-ಕಸಾಯ್ ಎಂಬಲ್ಲಿ ವಾಸವಾಗಿದ್ದಾಳೆ. ನಮ್ಮ ದೇಶದ ಕುಟುಂಬಗಳು ಅಲ್ಲಿ ಬಹಳ. ಅವಳ ನೆರೆಯಲ್ಲಿದ್ದ ಜಪಾನೀ ವೃದ್ಧೆಯೊಬ್ಬರು ಮಗನ ಊರಿಗೆ ಹೊರಡುವಾಗ, ತಮ್ಮ ಗತಿಸಿದ ಪತಿ ಮೂವತ್ತು ವರ್ಷ ಸಾಕಿದ ಎಲ್ಮ್ ಜಾತಿಯ ಪುಟ್ಟ ಮರವನ್ನು ಈ ಹುಡುಗಿಯ ಕೈಗಿತ್ತು ಹೋಗಿದ್ದರು. ಇವಳು ಅದನ್ನು ಬಲು ಗೌರವದಿಂದ ಕೋಣೆಯೊಳಗೆ ಗಾಜಿನ ಕಿಟಕಿಯ ಬಳಿ ಇಟ್ಟಳು. ಏಪ್ರಿಲ್ ತಿಂಗಳಲ್ಲಿ ಮದುವೆಯೊಂದಕ್ಕೆಂದು ಬೆಂಗಳೂರಿಗೆ ಬಂದು, ಹನ್ನೆರಡು ದಿನಗಳ ಮೇಲೆ ನಮ್ಮನ್ನೂ ಕರೆದುಕೊಂಡು ಹಿಂದಿರುಗಿ ಬಾಗಿಲು ತೆರೆದರೆ, ಎಲೆಗಳು ಹಪ್ಪಳದಂತೆ ಗರಿಗರಿಯಾಗಿ ಉದುರುತ್ತಿದ್ದವು. “ದೊಡ್ಡಮ್ಮ, ಆ ಅಜ್ಜಿಗೆ ನಾನು ಏನೆಂದು ಹೇಳಲಿ?” ಎಂದು ಅವಳು ಕಣ್ಣೀರಿಟ್ಟಳು. ನೀರು ಹೊಯ್ದರೆ ಅದು ಮಣ್ಣಿನೊಳಕ್ಕೆ ಇಳಿಯದೆ ಕುಂಡದ ಅಂಚಿನಿಂದಲೇ ಹರಿದುಹೋಗುತ್ತಿತ್ತು.

ಓಮಿಯಾದ ತೋಟವೊಂದರ ವಯಸ್ಸಾದ ಯಜಮಾನರು ಬಟ್ಟೆ ಬಿಚ್ಚಿ ನೋಡಿ ಏನೂ ಮಾತನಾಡದೆ, ಉಗುರಿನಿಂದ ಒಂದು ರೆಂಬೆಯ ತೊಗಟೆಯನ್ನು ತುಸುವೇ ಕೆರೆದರು. ಕಂದುಬಣ್ಣ. ಇನ್ನೊಂದನ್ನು ಕೆರೆದರು. ಅದೂ ಕಂದು. ಬುಡದ ಹತ್ತಿರ ಕೆರೆದಾಗ ತೊಗಟೆಯಡಿಯಲ್ಲಿ ತೇವವಾದ ಹಸುರುಗೀಟು ಕಂಡಿತು. ಆಗ ಅವರ ಮುಖ ಸಡಿಲವಾಯಿತು. ಆಮೇಲೆ ಅವರು ಹೇಳಿದ್ದನ್ನೆಲ್ಲ ಹುಡುಗಿ ನಮಗೆ ಕನ್ನಡದಲ್ಲಿ ತಿಳಿಸಿದಳು.

ಒಮ್ಮೆ ಪೂರ್ಣವಾಗಿ ಒಣಗಿದ ಮಣ್ಣು, ಅದರಲ್ಲಿಯೂ ಕೊಳೆತ ಸಸ್ಯಗಳ ಅಂಶ ಹೆಚ್ಚಾಗಿರುವ ಮಣ್ಣು, ಮೇಲಿಂದ ಹೊಯ್ದ ನೀರನ್ನು ಹೀರದು. ಆದಕಾರಣ ಕುಂಡವನ್ನು ಅಂಚು ಮುಳುಗುವಷ್ಟು ನೀರಿನ ತೊಟ್ಟಿಯಲ್ಲಿಟ್ಟು, ಗುಳ್ಳೆಗಳೇಳುವುದು ನಿಲ್ಲುವವರೆಗೆ ಬಿಟ್ಟು, ಬಳಿಕ ತೆಗೆದು ನೀರು ಬಸಿಯಗೊಡಬೇಕು. ಇದು ಒಂದೇ ಸಲ. ಮುಂದೆ ಮಣ್ಣಿನ ಮೇಲ್ಭಾಗ ತುಸು ಆರಿದ ಮೇಲಷ್ಟೇ ನೀರು ಕೊಡಬೇಕು. ನವುರುಬೇರುಗಳು ಸತ್ತಿರುವುದರಿಂದ ಸದಾ ನೆನೆದಿದ್ದರೆ ಉಳಿದ ಬೇರೂ ಕೊಳೆಯುವುದು. ಗೊಬ್ಬರ ಹಾಕಲೇಕೂಡದು, ಅದರ ಲವಣಗಳು ಬೇರಿನಲ್ಲಿರುವ ನೀರನ್ನೇ ಹೊರಕ್ಕೆಳೆಯುವುವು. ಕುಂಡ ಬದಲಾಯಿಸುವುದಾಗಲಿ ಬೇರು ಕೆದಕುವುದಾಗಲಿ ಈಗ ಬೇಡ. ನೇರ ಬಿಸಿಲು ತಾಗದ, ಬೆಳಕುಳ್ಳ ಹೊರಗಿನ ನೆರಳಿನಲ್ಲಿಟ್ಟು, ಗಾಳಿಯಾಡಲು ಸಂದುಬಿಟ್ಟು ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಸಡಿಲವಾಗಿ ಮುಚ್ಚಿದರೆ, ಮರದಲ್ಲುಳಿದ ತೇವ ಬೇಗ ಆರಿಹೋಗುವುದಿಲ್ಲ. ಒಣಗಿದ ಕೊಂಬೆಗಳನ್ನು ಬರುವ ವಸಂತದವರೆಗೆ ಕತ್ತರಿಸದೆ ಕಾಯಬೇಕು.

ಹುಡುಗಿಯ ಮುಖದಲ್ಲಿ ಆಸೆ ಮೂಡಿದ್ದನ್ನು ಕಂಡು ಅವರು ನಮ್ಮನ್ನು ಇನ್ನೊಂದು ಹಲಗೆಯ ಬಳಿಗೆ ಕರೆದೊಯ್ದರು. ಅಲ್ಲಿ ಹಚ್ಚಹಸುರಾದ ಜೂನಿಪರ್ ಮರವೊಂದಿತ್ತು. ಅದು ಯಾರೋ ಚಿಕಿತ್ಸೆಗೆಂದು ತಂದದ್ದು, ಸತ್ತು ಆಗಲೇ ಎಷ್ಟೋ ದಿನಗಳಾಗಿವೆ ಎಂದರು. ಈ ಜಾತಿಯ ಮರ ಸತ್ತಮೇಲೂ ವಾರಗಟ್ಟಲೆ ಹಸುರಾಗಿಯೇ ಇರುವುದಂತೆ. ಬರಿದಾದ ಕೊಂಬೆಯಿಂದ ಮತ್ತೆ ಚಿಗುರದಂತೆ. ಎಲ್ಮ್ ಹಾಗಲ್ಲ, ಬುಡದಲ್ಲಿ ಜೀವವಿದ್ದರೆ ಹಳೆಯ ಮರದಿಂದಲೂ ಮೊಳೆಯೊಡೆಯುವುದು. ನಮ್ಮ ಆಲ, ಬಸರಿಗಳದೂ ಇದೇ ಗುಣ. ಲಾಲ್‌ಬಾಗಿನ ಬೋನ್ಸಾಯ್ ತೋಟವನ್ನು ನೋಡಿ ಆಸೆಪಟ್ಟು ಮನೆಗೊಂದು ಮರ ತರಬಯಸುವ ಸೋದರಿಯರು ಇದನ್ನು ನೆನಪಿನಲ್ಲಿಡುವುದು ಲೇಸು.

ನೀರೆರೆಯುವುದನ್ನು ಕಲಿಯಲು ಮೂರು ವರ್ಷ ಬೇಕೆಂದು ಈ ಕಸುಬಿನವರಲ್ಲಿ ಒಂದು ನಾಣ್ಣುಡಿಯುಂಟು. ಬೇಸಗೆಯಲ್ಲಿ ದಿನಕ್ಕೆರಡು ಬಾರಿ ನೀರು ಬೇಡುವ ಕುಂಡದ ಪಕ್ಕದಲ್ಲಿಯೇ ಒಂದು ಬಾರಿ ಸಾಕೆನ್ನುವ ಕುಂಡವೂ ಇರುವುದರಿಂದ, ಯಜಮಾನರ ಶಿಷ್ಯನು ಪ್ರತಿಯೊಂದರ ಮಣ್ಣನ್ನೂ ನೋಡಿ ನೀರೆರೆಯುತ್ತ ಬರುತ್ತಿದ್ದನು. ಆ ಹೊತ್ತಿನಲ್ಲಿ ಅವನನ್ನು ಯಾರೂ ಮಾತನಾಡಿಸಲಿಲ್ಲ.

ನಾವು ಊರಿಗೆ ಹಿಂದಿರುಗಿ ಐದು ವಾರಗಳಾದ ಮೇಲೆ ಹುಡುಗಿಯು ಫೋನಿನಲ್ಲಿ ಚಿತ್ರವೊಂದನ್ನು ಕಳುಹಿಸಿದಳು. ಮೊಗಸಾಲೆಯ ನೆರಳಿನಲ್ಲಿ ಮರದ ತಲೆಯೆಲ್ಲ ಬೋಳಾಗಿದೆ. ಕೆಳಗಿನ ಎರಡು ಕೊಂಬೆಗಳ ಮೇಲೆ ಮಾತ್ರ ಸಾಸಿವೆಯಷ್ಟು ಗಾತ್ರದ ಹಸುರು ಮೊಗ್ಗುಗಳು. ಅವಳು ಅದೇ ಚಿತ್ರವನ್ನು, ನಡೆದ ಸಂಗತಿಯೊಂದನ್ನೂ ಮರೆಮಾಚದೆ ಬರೆದು, ಆ ವೃದ್ಧೆಗೂ ಕಳುಹಿಸಿದ್ದಳು. ಮರುದಿನವೇ ಉತ್ತರ ಬಂದಿತಂತೆ: “ಮಳೆಗಾಲ ಬಂತೆಂದು ನೀರು ನಿಲ್ಲಿಸಬೇಡ ಮಗಳೇ, ನಿನ್ನ ಮೊಗಸಾಲೆಗೆ ಮಳೆ ಬೀಳುವುದಿಲ್ಲ.”